ಅರವತ್ತಾರರ ದಾರಿಯಲ್ಲಿ ಒಂದು ಹಗಲು

ಬೆಳಗಿನ ಆರೂವರೆ ಗಂಟೆಗೆ ಭಾವನವರಿಗೂ ನನಗೂ ನಡೆದ ವಾಗ್ವಾದದಿಂದಲೇ ಈ ವಾರದ ಬರಹವನ್ನು ಆರಂಭಿಸಬೇಕಾಗಿದೆ. ನಡೆದ ಸ್ಥಳ ಅಮೆರಿಕದ ಅರಿಜೋನಾ ಸಂಸ್ಥಾನದ ವಿಲಿಯಮ್ಸ್ ಎಂಬ ಸಣ್ಣ ಊರು. ಕಾಲೇಜಿನ ರಜೆಯಲ್ಲಿ ಫೀನಿಕ್ಸ್ ನಗರದ ಅಕ್ಕನ ಮನೆಗೆ ಹೋಗಿದ್ದ ನನಗೆ ಅಲ್ಲಿಯ ಮಹಾಕಮರಿಯಾದ ಗ್ರ್ಯಾಂಡ್ ಕ್ಯಾನಿಯನ್ನನ್ನು ತೋರಿಸಿ, ಇಬ್ಬರೂ ನನ್ನೊಡನೆ ಈ ಊರಿನ ಮೋಟೆಲೊಂದರಲ್ಲಿ ಇಳಿದುಕೊಂಡಿದ್ದರು. ಮರುದಿನ ಎಲ್ಲಿಗೆ ಎಂಬ ಪ್ರಶ್ನೆ ಬಂದಾಗ, ಹಳೆಯ ಅರವತ್ತಾರನೆಯ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗೋಣವೆಂದು ನಾನೇ ಹೇಳಿದ್ದೆ.

ಭಾವನವರು ಇಂಜಿನಿಯರು. ಕಾಲವನ್ನು ಅಳೆಯದೆ ಕಾಲಿಡುವವರಲ್ಲ. “ಮೇಷ್ಟ್ರೇ, ಕಿಂಗ್‌ಮನ್ ಊರಿಗೆ ನಲವತ್ತನೆಯ ನಂಬರಿನ ಹೊಸ ಹೆದ್ದಾರಿ ಇದೆ. ಗಂಟೆಗೆ 75 ಮೈಲಿ ಓಡಿಸಬಹುದು. ಆ ಹಳೆಯ ರಸ್ತೆಯಲ್ಲಿ ಏನಿದೆಯೆಂದು ಹೋಗುತ್ತೀರಿ?” ಎಂದರು.

“ಅಲ್ಲಿ ಒಂದು ಕ್ಷೌರದಂಗಡಿ ಇದೆ” ಎಂದೆ.

“ಕ್ಷೌರಕ್ಕಾಗಿ ಸಪ್ತಸಾಗರ ದಾಟಿ ಬರಬೇಕಾಗಿತ್ತೇ?”

ಅಷ್ಟರಲ್ಲಿ ಅಕ್ಕ ಕೋಣೆಯ ಮೂಲೆಯಲ್ಲಿ ರೈಸ್ ಕುಕ್ಕರಿನಲ್ಲಿ ಮಾಡಿದ ಅನ್ನವನ್ನು ಚಿತ್ರಾನ್ನವಾಗಿ ಕಲಸಿ ಡಬ್ಬಿಗೆ ತುಂಬಿ, “ಅವನು ಬಂದದ್ದೇ ಒಂದು ಸಲ, ಅವನು ಹೇಳಿದ ಕಡೆಗೇ ಹೋಗೋಣ” ಎಂದು ತೀರ್ಪು ಕೊಟ್ಟಳು. ಅದರ ಮೇಲೆ ಮೇಲ್ಮನವಿ ಇರಲಿಲ್ಲ.

ಈ ರಸ್ತೆಯ ಪೂರ್ವೋತ್ತರವನ್ನು ವಾಚಕರಿಗೆ ಸ್ವಲ್ಪ ಹೇಳಬೇಕು. 1926ರ ನವೆಂಬರ್ 11ರಂದು ಅಮೆರಿಕದ ಹೆದ್ದಾರಿಗಳಿಗೆ ನಂಬರುಗಳನ್ನು ಗೊತ್ತುಮಾಡಿದಾಗ, ಷಿಕಾಗೋದಿಂದ ಲಾಸ್ ಏಂಜಲೀಸ್ ಕಡೆಗೆ ಎಂಟು ರಾಜ್ಯಗಳನ್ನು ಹಾಯುವ ದಾರಿಗೆ 66 ಎಂಬ ಅಂಕಿ ಬಿತ್ತು. ಉದ್ದ ಸುಮಾರು 2,448 ಮೈಲಿ. ಇದು ಹೊಸದಾಗಿ ಕಡಿದ ರಸ್ತೆಯಲ್ಲ. ಇದ್ದ ಊರುಗಳ ಬೀದಿಗಳನ್ನೂ ಗಾಡಿಯ ಜಾಡುಗಳನ್ನೂ ಕೌದಿಯಂತೆ ಒಂದಕ್ಕೊಂದು ಹೊಲಿದದ್ದು. ಟಲ್ಸಾ ನಗರದ ಸೈರಸ್ ಏವರಿ ಎಂಬವರು ಇದಕ್ಕಾಗಿ ಬಹಳ ದುಡಿದರು. ಎಲ್ಲ ಕಡೆಯೂ ಗಟ್ಟಿ ರಸ್ತೆಯಾಗಲು 1938 ಬರಬೇಕಾಯಿತು. ಊರಿನ ಬೀದಿಯೇ ಹೆದ್ದಾರಿಯಾದ್ದರಿಂದ, ಹೋಗುವವರೆಲ್ಲ ಊರಿನೊಳಗೇ ಹಾಯಬೇಕು. ಹಾಯುವವರಿಗೆ ಹಸಿವು, ಬಾಯಾರಿಕೆ, ನಿದ್ದೆ, ಪೆಟ್ರೋಲು ಎಲ್ಲವೂ ಬೇಕು. ಈ ಒಂದು ಕಾರಣದಿಂದ ನೂರಾರು ಊರುಗಳು ಬದುಕಿದವು.

1956ರಲ್ಲಿ, ಅಧ್ಯಕ್ಷ ಐಸೆನ್‌ಹೋವರರ ಕಾಲದಲ್ಲಿ, ದೇಶದುದ್ದಕ್ಕೂ ಅಗಲವಾದ ಹೊಸ ಹೆದ್ದಾರಿಗಳನ್ನು ಹಾಸುವ ಶಾಸನವಾಯಿತು. ಇವು ಊರನ್ನು ಹೊಗುವ ರಸ್ತೆಗಳಲ್ಲ, ಊರನ್ನು ಬಳಸಿ ಹೋಗುವ ರಸ್ತೆಗಳು. ಅರವತ್ತಾರರ ಊರುಗಳು ಒಂದೊಂದಾಗಿ ಪಕ್ಕಕ್ಕೆ ಸರಿದವು. ಎಲ್ಲಕ್ಕಿಂತ ಕಡೆಗೆ ಸರಿದದ್ದು ನಾವು ಇಳಿದುಕೊಂಡಿದ್ದ ಈ ವಿಲಿಯಮ್ಸ್, 1984ರ ಅಕ್ಟೋಬರ್ 13ರಂದು. ಮರುವರ್ಷ ಜೂನ್ 27ರಂದು 66 ಎಂಬ ನಂಬರನ್ನೇ ಪಟ್ಟಿಯಿಂದ ತೆಗೆದುಹಾಕಿದರು. 2026 ಅದು ಹುಟ್ಟಿದ ನೂರನೆಯ ವರ್ಷ. ಸತ್ತ ಮೇಲೆ ಶತಮಾನೋತ್ಸವ ಮಾಡಿಸಿಕೊಳ್ಳುವ ಭಾಗ್ಯ ನಮ್ಮ ಕವಿಗಳಿಗೆ ಉಂಟು. ರಸ್ತೆಗೂ ಉಂಟೆಂದು ನನಗೆ ಆಗ ತಿಳಿಯಿತು.

ಹೊರಡುವಾಗ ಮೋಟೆಲಿನ ಯಜಮಾನರು ಬಾಗಿಲಿಗೆ ಬಂದು ಚಹಾ ಕುಡಿದು ಹೋಗಬೇಕೆಂದರು. ವಯಸ್ಸಾದವರು, ಸೂರತ್ತಿನ ಕಡೆಯ ಗುಜರಾತಿಗಳು. ಹೊಸ ಹೆದ್ದಾರಿ ಬಂದು ಗಿರಾಕಿಗಳು ತಪ್ಪಿಹೋದಾಗ ಈ ದಾರಿಯ ಮೋಟೆಲುಗಳು ಅಗ್ಗಕ್ಕೆ ಮಾರಾಟವಾದವು. ಅವುಗಳಲ್ಲಿ ಅನೇಕವನ್ನು ಕೊಂಡವರು ಗುಜರಾತಿನ ಪಟೇಲರು. ಹಿಂದಿನ ಕೋಣೆಯಲ್ಲಿ ಸಂಸಾರ, ಮುಂದಿನ ಕೋಣೆಗಳಲ್ಲಿ ವ್ಯಾಪಾರ. ಹಾಸಿಗೆಯ ಬಟ್ಟೆ ಒಗೆಯುವುದರಿಂದ ಲೆಕ್ಕ ಬರೆಯುವವರೆಗೆ ಮನೆಯವರೇ ಆಳು. ಇದು ಸಹಿಸದ ಪಕ್ಕದವರು ಕೆಲವರು ತಮ್ಮ ಮೋಟೆಲುಗಳ ಮುಂದೆ, ಒಡೆತನ ಅಮೆರಿಕದವರದು ಎಂದು ಫಲಕ ಹಾಕಿಕೊಂಡದ್ದೂ ಉಂಟು. ಯಜಮಾನರು ಅದನ್ನು ನಗುತ್ತ ಹೇಳಿದರು. ಅವರ ಹೆಂಡತಿ ನಗಲಿಲ್ಲ.

ವಿಲಿಯಮ್ಸ್ ಬಿಟ್ಟು ಇಪ್ಪತ್ತೈದು ಮೈಲಿಯಷ್ಟು ಹೊಸ ಹೆದ್ದಾರಿಯಲ್ಲೇ ಹೋಗಿ, ಕ್ರುಕ್ಟನ್ ಎಂಬ ತಿರುವಿನಲ್ಲಿ ಇಳಿದೆವು. ಲಾರಿಗಳ ಭೋರ್ಗರೆತ ಹಿಂದೆ ಉಳಿಯಿತು. ಮುಂದೆ ಎರಡೇ ಗಾಡಿಗಳ ಅಗಲದ ರಸ್ತೆ, ಒಣಹುಲ್ಲಿನ ಬಯಲು, ಪಕ್ಕದಲ್ಲಿ ರೈಲುದಾರಿ. ಹೊಸ ಹೆದ್ದಾರಿ ದಿಣ್ಣೆಗಳನ್ನು ಕಡಿದು ನೇರವಾಗಿ ಹೋಗುತ್ತದೆ. ಇದಾದರೋ ದಿಣ್ಣೆ ಬಂದರೆ ಏರುತ್ತದೆ, ಹಳ್ಳ ಬಂದರೆ ಇಳಿಯುತ್ತದೆ. ಭಾವನವರು ತಮಗೆ ಅರಿವಿಲ್ಲದೆಯೇ ವೇಗವನ್ನು ತಗ್ಗಿಸಿದರು.

ಹೀಗೆ ಸೆಲಿಗ್ಮನ್ ಊರು ಬಂದಿತು. ಕ್ಷೌರದಂಗಡಿ ಇರುವುದು ಇಲ್ಲಿ. ಏಂಜಲ್ ಡೆಲ್ಗಡಿಲ್ಲೋ ಎಂಬವರು ಈ ಊರಿನಲ್ಲಿ ಕ್ಷೌರಿಕರಾಗಿದ್ದವರು. ಹುಟ್ಟಿದ್ದು 1927ರಲ್ಲಿ, ರಸ್ತೆಗಿಂತ ಒಂದು ವರ್ಷ ಕಿರಿಯರು. 1978ರ ಸೆಪ್ಟೆಂಬರ್ 22ರಂದು ಹೊಸ ಹೆದ್ದಾರಿ ತೆರೆಯಿತು. ಅದಕ್ಕೆ ಹಿಂದಿನ ದಿನದವರೆಗೂ ಊರಿನ ಬೀದಿಯಲ್ಲಿ ದಿನಕ್ಕೆ ಸುಮಾರು ಒಂಬತ್ತು ಸಾವಿರ ವಾಹನಗಳು ಹೋಗುತ್ತಿದ್ದುವೆಂದು ಅವರು ನೆನೆಯುತ್ತಿದ್ದರು. ಆ ಮಧ್ಯಾಹ್ನದಿಂದ ಬೀದಿ ಬರಿದು. ಯಾರೂ ದೊಂಬಿ ಮಾಡಲಿಲ್ಲ, ಯಾರೂ ಸಾಯಲಿಲ್ಲ. ಗಾಡಿಗಳು ಒಂದು ಮೈಲಿಯಷ್ಟು ದೂರದಲ್ಲಿ ಹೋಗತೊಡಗಿದುವು, ಅಷ್ಟೆ.

ನನಗೆ ಈ ಕಥೆಯಲ್ಲಿ ಆಸಕ್ತಿ ಹುಟ್ಟಿದ್ದಕ್ಕೆ ಮನೆಯ ಕಾರಣವೊಂದಿದೆ. ಪುಣೆ–ಬೆಂಗಳೂರು ರಸ್ತೆಯ ಮೇಲಿನ ಒಂದು ಊರಿನಲ್ಲಿ ನಮ್ಮ ಚಿಕ್ಕಪ್ಪ ಕಾಫಿ ಹೋಟೆಲು ಇಟ್ಟಿದ್ದರು. ಬಸ್ಸು ನಿಂತರೆ ನಲವತ್ತು ಲೋಟ ಕಾಫಿ ಒಮ್ಮೆಗೇ ಏಳಬೇಕು. ರಸ್ತೆಯನ್ನು ಅಗಲ ಮಾಡಿ ಊರಿನ ಹೊರಗೆ ಬೈಪಾಸು ಹಾಕಿದ ಮೇಲೆ ರಾತ್ರಿಯ ಬಸ್ಸುಗಳು ಒಳಗೆ ಬರುವುದನ್ನು ನಿಲ್ಲಿಸಿದುವು. ನಾವು ರಜೆಗೆ ಹೋದಾಗ ಚಿಕ್ಕಪ್ಪ ಮೊದಲು ಕೇಳುತ್ತಿದ್ದ ಮಾತು ಪರೀಕ್ಷೆಯದಲ್ಲ, “ಬಸ್ಸಿನಲ್ಲಿ ಜನ ಇದ್ದರೇನೋ?” ಎಂದು. ಕೆಲವು ವರ್ಷಗಳ ಮೇಲೆ ಕೇಳುವುದನ್ನು ಬಿಟ್ಟರು. ಆಮೇಲೆ ಹೋಟೆಲನ್ನೂ ಬಿಟ್ಟರು.

ಡೆಲ್ಗಡಿಲ್ಲೋ ಅವರು ಬಿಡಲಿಲ್ಲ. ಸುಮಾರು ಎಂಟು ವರ್ಷ ಕಾಯ್ದು ನೋಡಿ, 1987ರ ಫೆಬ್ರವರಿಯಲ್ಲಿ ಅಕ್ಕಪಕ್ಕದ ಊರಿನವರನ್ನು ಕೂಡಿಸಿ ಒಂದು ಸಂಘ ಕಟ್ಟಿದರು. ರಸ್ತೆಯನ್ನು ತಿರುಗಿ ಹೆದ್ದಾರಿ ಮಾಡಿರೆಂದು ಕೇಳಲಿಲ್ಲ. ಅದು ಆಗುವ ಮಾತಲ್ಲವೆಂದು ತಿಳಿದಿದ್ದರು. ಇದು ಐತಿಹಾಸಿಕವಾದದ್ದು ಎಂದು ಒಂದು ಫಲಕ ಹಾಕಿಸಿಕೊಡಿ ಎಂದು ಕೇಳಿದರು. ಅದೇ ವರ್ಷ ಅರಿಜೋನಾ ಸರ್ಕಾರ ಸೆಲಿಗ್ಮನ್‌ನಿಂದ ಕಿಂಗ್‌ಮನ್‌ವರೆಗಿನ ರಸ್ತೆಗೆ ಆ ಮನ್ನಣೆಯನ್ನು ಕೊಟ್ಟಿತು. ಫಲಕ ಕಂಡವರು ತಿರುಗಿದರು, ತಿರುಗಿದವರು ನಿಂತರು, ಉಳಿದ ರಾಜ್ಯಗಳೂ ಇದನ್ನು ನೋಡಿ ಕಲಿತುವು. ಅಂಗಡಿಯಲ್ಲಿ ಅವರ ಹಳೆಯ ಕ್ಷೌರದ ಕುರ್ಚಿ ಇದೆ. ನಾಲ್ಕು ಕಡೆಯ ದೇಶಗಳಿಂದ ಬಂದವರು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ, ಮೇಲ್ನೋಟಕ್ಕೆ ವಿರೋಧಿಸುತ್ತಿದ್ದ ಭಾವನವರು ಎರಡು ತೆಗೆಸಿಕೊಂಡರು.

ಪಕ್ಕದಲ್ಲಿ ಅವರ ಅಣ್ಣ ಹ್ವಾನ್ ಡೆಲ್ಗಡಿಲ್ಲೋ 1953ರಲ್ಲಿ ರೈಲ್ವೆಯ ಹಳೆಯ ಮರಮಟ್ಟುಗಳಿಂದ ಕಟ್ಟಿದ ಸ್ನೋ ಕ್ಯಾಪ್ ಎಂಬ ತಿಂಡಿಯಂಗಡಿಯಿದೆ. ಅವರು ತೀರಿಕೊಂಡದ್ದು 2004ರಲ್ಲಿ. ಅಂಗಡಿಯ ಬಾಗಿಲಿಗೆ ಎರಡು ಹಿಡಿಗಳು, ಒಂದು ಸುಳ್ಳು. ನಾನು ಹಿಡಿದದ್ದು ಸುಳ್ಳಿನದನ್ನೇ. ಒಳಗಿದ್ದವರೆಲ್ಲ ನಕ್ಕರು. ಎಂ.ಎ. ಪದವಿ ಇಂಥ ಕಡೆ ಉಪಯೋಗಕ್ಕೆ ಬರುವುದಿಲ್ಲ. ಮಾಂಸದ ತಿನಿಸುಗಳ ನಡುವೆ ನಮಗೆ ದಕ್ಕಿದ್ದು ಐಸ್‌ಕ್ರೀಮು.

ಮುಂದಿನ ದಾರಿಯಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಬರ್ಮಾ ಷೇವ್ ಎಂಬ ಕ್ಷೌರದ ಲೇಪನದ ಜಾಹೀರಾತುಗಳು. ಮೂಲ ಫಲಕಗಳು 1963ರ ಹೊತ್ತಿಗೆ ನಿಂತುಹೋದುವು; ಈಗಿರುವುವು ಅವುಗಳ ಪ್ರತಿರೂಪಗಳು. ಪ್ರಾಸಬದ್ಧವಾದ ಪದ್ಯವೊಂದನ್ನು ತುಂಡುಮಾಡಿ ಐದಾರು ಫಲಕಗಳಲ್ಲಿ ಬರೆದು, ರಸ್ತೆಯ ಬದಿಗೆ ದೂರ ದೂರ ನೆಟ್ಟಿರುತ್ತಾರೆ. ಮೋಟಾರು ಮುಂದುವರಿದಂತೆ ಪದ್ಯವೂ ಮುಂದುವರಿಯುತ್ತದೆ. ಕಡೆಯ ಫಲಕದಲ್ಲಿ ದಾಸರ ಪದಗಳ ಅಂಕಿತದಂತೆ ಸರಕಿನ ಹೆಸರು! ಇಂಥ ಪದ್ಯವನ್ನು ಗಂಟೆಗೆ 75 ಮೈಲಿಯಲ್ಲಿ ಓದಲಾಗದು. ವೇಗ ಹೆಚ್ಚಿ ಕಾವ್ಯ ಕೆಟ್ಟಿತು ಎಂದು ನಾನು ಹೇಳಿದಾಗ ಅಕ್ಕ ಆಕಳಿಸಿದಳು.

ಪೀಚ್ ಸ್ಪ್ರಿಂಗ್ಸ್ ಎಂಬಲ್ಲಿ ಮರದ ನೆರಳು ನೋಡಿ ಚಿತ್ರಾನ್ನ ತಿಂದೆವು. ಇದು ಹ್ವಾಲಪೈ ಎಂಬ ಮೂಲನಿವಾಸಿಗಳ ಮುಖ್ಯ ಊರು. 1874ರಲ್ಲಿ ಸೈನಿಕರು ಈ ಜನರನ್ನು ಇಲ್ಲಿಂದ ಎಬ್ಬಿಸಿ, ಕೊಲೊರಾಡೊ ನದಿಯ ತಗ್ಗಿನ ಬಿಸಿಲ ನಾಡಿಗೆ ನಡೆಸಿಕೊಂಡು ಹೋದರು. ರೋಗದಲ್ಲಿಯೂ ಹಸಿವಿನಲ್ಲಿಯೂ ಸತ್ತವರು ಸತ್ತು, ಉಳಿದವರು ಮರುವರ್ಷ ಹಿಂದಿರುಗಿ ಬಂದರು. ಅಂಗಡಿಗಳಲ್ಲಿ ಮಾರುವ ಅರವತ್ತಾರರ ನೆನಪುಗಳಲ್ಲಿ ಈ ನಡಿಗೆಯ ಚಿತ್ರವೊಂದು ನನಗೆ ಕಾಣಲಿಲ್ಲ.

ಹಾಗೆಯೇ ಕಿಂಗ್‌ಮನ್‌ನಲ್ಲಿ. ಕಾಫಿಗೆಂದು ಹೊಕ್ಕ ಅಂಗಡಿಯಲ್ಲಿ ಈ ರಸ್ತೆಯ ಮೇಲಿನ ಪ್ರಸಿದ್ಧ ಹಾಡು ಕೇಳಿಸುತ್ತಿತ್ತು. 1946ರಲ್ಲಿ ಬಾಬಿ ಟ್ರೂಪ್ ಬರೆದದ್ದು, ಅದೇ ವರ್ಷ ನ್ಯಾಟ್ ಕಿಂಗ್ ಕೋಲ್ ಹಾಡಿ ಮನೆಮನೆಗೂ ಮುಟ್ಟಿಸಿದ್ದು. ಬನ್ನಿ, ಈ ದಾರಿಯಲ್ಲಿ ಬಂದು ಸುಖಪಡಿ ಎಂಬುದು ಹಾಡಿನ ಭಾವ. ಹಾಡಿದಾತ ಕರಿಯ. ದಾರಿಯ ಎಷ್ಟೋ ಊರುಗಳಲ್ಲಿ ಆತನಿಗೆ ಆ ಕಾಲದಲ್ಲಿ ಮಲಗಲು ಕೋಣೆ ಸಿಕ್ಕುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಕರಿಯರು ಕಾಣಿಸಿಕೊಳ್ಳಕೂಡದೆಂಬ ಊರುಗಳೂ ಇದ್ದುವು. ಅವರಿಗೆ ಎಲ್ಲಿ ಊಟ, ಎಲ್ಲಿ ಹಾಸಿಗೆ ಸಿಕ್ಕೀತೆಂದು ತಿಳಿಸಲು ನ್ಯೂಯಾರ್ಕಿನ ವಿಕ್ಟರ್ ಗ್ರೀನ್ ಎಂಬ ಅಂಚೆಯವರು 1936ರಿಂದ ಕೈಪಿಡಿಯೊಂದನ್ನು ಹೊರಡಿಸುತ್ತಿದ್ದರು. ಅದಕ್ಕೆ ಅವರ ಹೆಸರಿನಿಂದಲೇ ಗ್ರೀನ್ ಬುಕ್ ಎಂಬ ಹೆಸರು ಬಂದಿತು. ಕಾಫಿ ಚೆನ್ನಾಗಿರಲಿಲ್ಲ, ಹಾಡು ಚೆನ್ನಾಗಿತ್ತು.

ಕಿಂಗ್‌ಮನ್ ದಾಟಿದ ಮೇಲೆ ದಾರಿ ಬ್ಲ್ಯಾಕ್ ಪರ್ವತಗಳನ್ನು ಹತ್ತುತ್ತದೆ. ಸಿಟ್‌ಗ್ರೀವ್ಸ್ ಎಂಬ ಘಟ್ಟ, ಎತ್ತರ ಸುಮಾರು ಮೂರೂವರೆ ಸಾವಿರ ಅಡಿ. ಎತ್ತರವೇನೂ ಹೆಚ್ಚಿನದಲ್ಲ, ಆದರೆ ತಿರುವುಗಳು ಆಗುಂಬೆಯನ್ನು ನೆನಪಿಗೆ ತರುವಂಥವು. ಆಗುಂಬೆಯ ಹಸಿರು ಮಾತ್ರ ಇಲ್ಲ, ಬರಿಯ ಕಲ್ಲು. 1930ರ ದಶಕದಲ್ಲಿ ಓಕ್ಲಹೋಮ ಮೊದಲಾದ ಬಯಲುಸೀಮೆಯಲ್ಲಿ ಮಳೆ ತಪ್ಪಿ, ಮೇಲ್ಮಣ್ಣು ಧೂಳಾಗಿ ಹಾರಿಹೋದಾಗ, ಲಕ್ಷಾಂತರ ಜನ ಮನೆಮಠ ಬಿಟ್ಟರು. ಹಾಸಿಗೆ, ಪಾತ್ರೆ, ಮುದುಕರು, ಮಕ್ಕಳನ್ನು ಹಳೆಯ ಮೋಟಾರುಗಳಲ್ಲಿ ಹೇರಿಕೊಂಡು ಕ್ಯಾಲಿಫೋರ್ನಿಯಕ್ಕೆ ಹೊರಟವರಲ್ಲಿ ಬಹುಮಂದಿ ಬಂದದ್ದು ಈ ಘಟ್ಟದ ಮೇಲೆ. 1939ರಲ್ಲಿ ಜಾನ್ ಸ್ಟೈನ್‌ಬೆಕ್ ಅವರ ಬವಣೆಯನ್ನು ಕಾದಂಬರಿಯಾಗಿ ಬರೆದರು. ಈ ರಸ್ತೆಯನ್ನು ತಾಯಿಯೆಂದು ಕರೆದವರು ಅವರೇ.

ಇಲ್ಲಿ ಭಾವನವರಿಗೆ ಹುರುಪು ಬಂದಿತು. ಆ ಕಾಲದ ಕೆಲವು ಮೋಟಾರುಗಳಲ್ಲಿ ಪೆಟ್ರೋಲು ತನ್ನ ಭಾರದಿಂದಲೇ ತೊಟ್ಟಿಯಿಂದ ಎಂಜಿನಿಗೆ ಇಳಿಯಬೇಕಾಗಿತ್ತಂತೆ. ಕಡಿದಾದ ಏರಿನಲ್ಲಿ ಮೂತಿ ಮೇಲಾದರೆ ಎಂಜಿನಿಗೆ ಪೆಟ್ರೋಲು ತಲುಪದು. ಆದ್ದರಿಂದ ಘಟ್ಟವನ್ನು ಹಿಮ್ಮುಖವಾಗಿ ಹತ್ತುತ್ತಿದ್ದರು! ಧೈರ್ಯವಿಲ್ಲದವರು ಕೂಲಿ ಕೊಟ್ಟು ಸ್ಥಳೀಯರಿಂದ ಎಳೆಸಿಕೊಳ್ಳುತ್ತಿದ್ದರು. ಸಂಸಾರವನ್ನೆಲ್ಲ ಹೇರಿಕೊಂಡು, ಬಂದ ದಾರಿಗೆ ಮುಖಮಾಡಿ, ಬೆನ್ನು ಮುಂದಾಗಿ ಹೊಸ ನಾಡಿಗೆ ಹೋಗುವ ಆ ದೃಶ್ಯವನ್ನು ಕಲ್ಪಿಸಿಕೊಂಡು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಘಟ್ಟ ಇಳಿದರೆ ಓಟ್‌ಮನ್. ಚಿನ್ನದ ಗಣಿಯ ಊರು. ಯುದ್ಧಕಾಲಕ್ಕೆ ಚಿನ್ನ ಅನಾವಶ್ಯಕವೆಂದು 1942ರಲ್ಲಿ ಗಣಿಗಳು ನಿಂತುವು. 1952ರಲ್ಲಿ ಹೆದ್ದಾರಿಯೂ ಬೇರೆ ಕಡೆ ತಿರುಗಿತು. ಗಣಿಗಾರರು ಬಿಟ್ಟುಹೋದ ಕತ್ತೆಗಳ ಸಂತತಿ ಮಾತ್ರ ಊರಿನ ಬೀದಿಯಲ್ಲಿ ರಾಜಗಾಂಭೀರ್ಯದಿಂದ ಓಡಾಡುತ್ತದೆ. ಒಂದು ಕತ್ತೆ ಮೋಟಾರಿನ ಕಿಟಕಿಯೊಳಗೆ ತಲೆ ಹಾಕಿ, ಬರಿದಾದ ಚಿತ್ರಾನ್ನದ ಡಬ್ಬಿಯನ್ನು ಮೂಸಿ, ನನ್ನನ್ನು ನೋಡಿದ ನೋಟ ಕೊನೆಯ ಬೆಂಚಿನ ವಿದ್ಯಾರ್ಥಿಯದು.

ಸಂಜೆಗೆ ಟೊಪಾಕ್ ತಲುಪಿದೆವು. ಕೆಳಗೆ ಕೊಲೊರಾಡೊ ನದಿ, ಆಚೆಯ ದಡ ಕ್ಯಾಲಿಫೋರ್ನಿಯ. ನದಿಯ ಮೇಲೆ 1916ರಲ್ಲಿ ಕಟ್ಟಿದ ಬಿಳಿಯ ಕಮಾನಿನ ಸೇತುವೆ ಇಂದಿಗೂ ಇದೆ. ಅದರ ಮೇಲೆ ಈಗ ಹೋಗುವುದು ಅನಿಲದ ಕೊಳವೆ. ಒಕ್ಕಲೆದ್ದ ರೈತರು ಈ ಸೇತುವೆಯ ಮೇಲೆಯೇ ದಾಟಿದರು. 1936ರಲ್ಲಿ ಲಾಸ್ ಏಂಜಲೀಸಿನ ಪೊಲೀಸರು ಕ್ಯಾಲಿಫೋರ್ನಿಯದ ಗಡಿಗಳಿಗೆಲ್ಲ ಬಂದು ಕೂತು, ಕೈಯಲ್ಲಿ ಕಾಸಿಲ್ಲದವರನ್ನು ಕೆಲವು ವಾರಗಳ ಕಾಲ ಹಿಂದಕ್ಕೆ ಅಟ್ಟಿದರು. ಸ್ವಂತ ದೇಶದ ಪ್ರಜೆಗಳನ್ನು! ಅಕ್ಕ ಇದನ್ನು ಕೇಳಿ, “ಅಷ್ಟು ದೂರ ಬಂದವರನ್ನೇ?” ಎಂದಳು. ತನ್ನ ವೀಸಾ, ಅರ್ಜಿ, ವರ್ಷಗಟ್ಟಲೆಯ ಕಾಯುವಿಕೆ ಅವಳಿಗೆ ನೆನಪಾಗಿರಬೇಕು. ಬಹಳ ಹೊತ್ತು ಆ ಸೇತುವೆಯನ್ನೇ ನೋಡುತ್ತ ನಿಂತಳು.

ಹಿಂದಿರುಗುವಾಗ ಭಾವನವರ ಮಾತೇ ನಡೆಯಿತು. ಹಗಲೆಲ್ಲ ಬಂದ ದೂರವನ್ನು ಹೊಸ ಹೆದ್ದಾರಿ ಎರಡೂವರೆ ಗಂಟೆಯಲ್ಲಿ ನುಂಗಿತು. ಸೆಲಿಗ್ಮನ್ ಬಂದದ್ದು ತಿಳಿದದ್ದು ಹಸಿರು ಫಲಕದಿಂದ. ಆಚೆ ಹಿಡಿಯಷ್ಟು ದೀಪಗಳು.

ಮೋಟೆಲಿನ ಯಜಮಾನರು ಇನ್ನೂ ಎಚ್ಚರವಾಗಿದ್ದರು. ಕೋಣೆಯ ಬೀಗದ ಕೈ ಕೊಡುತ್ತ, ಕಮಾನು ನೋಡಿದಿರಾ, ಕತ್ತೆ ನೋಡಿದಿರಾ ಎಂದೇನೂ ಕೇಳಲಿಲ್ಲ. “ದಾರಿಯಲ್ಲಿ ಗಾಡಿಗಳು ಇದ್ದುವೇ? ಮೋಟೆಲುಗಳ ಮುಂದೆ ನಿಂತಿದ್ದುವೇ?” ಎಂದು ಹಿಂದಿಯಲ್ಲಿ ಕೇಳಿದರು.

ಇದ್ದುವು, ಸೆಲಿಗ್ಮನ್‌ನಲ್ಲಂತೂ ಮೋಟಾರು ನಿಲ್ಲಿಸಲು ಜಾಗವಿರಲಿಲ್ಲ ಎಂದೆ. ಯಜಮಾನರು ಒಳಗೆ ತಿರುಗಿ ಹೆಂಡತಿಗೆ ಗುಜರಾತಿಯಲ್ಲಿ ಅದನ್ನು ಕೂಗಿ ಹೇಳಿದರು.