ತಿಂಗಳ ಮಧ್ಯದ ಆ ‘ಉಷ್ಣ’

ನಮ್ಮ ದೊಡ್ಡಬಳ್ಳಾಪುರದ ಕಡೆ ಹೆಣ್ಣುಮಕ್ಕಳಿಗೆ ಸ್ವಲ್ಪ ಬಿಳಿ ಹೋದ್ರೆ ಸಾಕು, ‘ಮೈಗೆ ಉಷ್ಣ ಆಗಿದೆ, ಎಳನೀರು ಕುಡಿ, ಮೆಂತ್ಯ ನೆನೆಸಿ ತಿನ್ನು’ ಅಂತಾರೆ. ಎಳನೀರು ಬೇಡ ಅನ್ನಲ್ಲ ನಾನು. ಆದ್ರೆ ನೀವು ಮಗುವಿಗಾಗಿ ಪ್ರಯತ್ನಪಡ್ತಿದ್ರೆ, ಕಾಯ್ತಿರೋ ಸೂಚನೆ ಅದೇ ಇರಬಹುದು.

ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದ ಹಾಗಿರುತ್ತೆ. ಆಮೇಲೆ ಅಂಟಂಟಾಗಿ, ಬೆಳ್ಳಗೆ ಕಾಣುತ್ತೆ. ಅಂಡಾಣು ಬಿಡುಗಡೆ ಹತ್ತಿರ ಬಂದಾಗ ಹಸಿ ಮೊಟ್ಟೆಯ ಬಿಳಿ ಲೋಳೆ ತರಹ ತೆಳ್ಳಗೆ, ಜಾರುವಂತೆ ಆಗುತ್ತೆ. ಎರಡು ಬೆರಳ ಮಧ್ಯೆ ಹಿಡಿದು ಎಳೆದ್ರೆ ದಾರದ ಹಾಗೆ ಬರುತ್ತೆ. ಈಸ್ಟ್ರೋಜನ್ ಏರಿದಾಗ ಗರ್ಭಕೊರಳಿನಿಂದ ಬರೋ ಲೋಳೆ ಇದು. ವೀರ್ಯಾಣು ಬದುಕಿ ಮುಂದೆ ಸಾಗೋದಕ್ಕೆ ಇದು ಬೇಕು. ತುರಿಕೆ, ಕೆಟ್ಟ ವಾಸನೆ, ಒಡೆದ ಹಾಲಿನ ಥರ ಗಟ್ಟಿ ಇದ್ರೆ ಮಾತ್ರ ಸೋಂಕಿರಬಹುದು, ಡಾಕ್ಟರಿಗೆ ತೋರಿಸಿ.

ವೀರ್ಯಾಣು ದೇಹದೊಳಗೆ 5 ದಿನದವರೆಗೂ ಬದುಕಬಲ್ಲದು, ಅಂಡಾಣುವಿಗೆ ಸಿಗೋದು 12ರಿಂದ 24 ಗಂಟೆ. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 221 ಹೆಂಗಸರ ಮೇಲಿನ ಅಧ್ಯಯನದಲ್ಲೂ ಗರ್ಭ ನಿಂತಿದ್ದು ಅಂಡಾಣು ಬಿಡುಗಡೆಯ ದಿನ ಮತ್ತು ಅದರ ಹಿಂದಿನ 5 ದಿನಗಳ ಸಂಪರ್ಕದಿಂದಲೇ. ಅಂದ್ರೆ ಲೋಳೆ ಕಂಡಾಗಲೇ ಸಮಯ ಶುರು. ನನ್ನ ಗಂಡನಿಗೆ ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿ ನೈಟ್ ಶಿಫ್ಟ್. ಆ ದಿನಗಳಲ್ಲಿ ದಿನ ಬಿಟ್ಟು ದಿನ ಸೇರಿದ್ರೂ ಸಾಕು ಅನ್ನೋದೇ ನಮಗೆ ದೊಡ್ಡ ಸಮಾಧಾನ.

ಆ್ಯಪ್ ತೋರಿಸೋ 14ನೇ ದಿನಕ್ಕೆ ಜೋತುಬೀಳಬೇಡಿ. ನಾನೂ ಕೋಡ್ ಬರೆಯೋಳೇ: ಬರೀ ಮುಟ್ಟಿನ ದಿನಾಂಕ ಕೊಟ್ರೆ ಅದು ಹಳೇ ತಿಂಗಳುಗಳ ಸರಾಸರಿ ಹಾಕುತ್ತೆ, ಅಷ್ಟೇ. ಅಂಡಾಣು ಬಿಡುಗಡೆಯಾಗೋದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. 33 ದಿನದ ಚಕ್ರ ಇದ್ದವರಿಗೆ ಅದು ಹತ್ತಿರಹತ್ತಿರ 19ನೇ ದಿನ!

ಬೆಳಿಗ್ಗೆ ಹಾಸಿಗೆಯಿಂದ ಏಳೋ ಮುಂಚೆ ಟೆಂಪರೇಚರ್ ನೋಡೋದೂ ಒಂದು ವಿಧಾನ. ಆದ್ರೆ ಅದು 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರೋದು ಅಂಡಾಣು ಬಿಡುಗಡೆಯಾದ ಮೇಲೆ, ಆ ತಿಂಗಳಿಗೆ ತಡ. ನಿದ್ದೆ ಕೆಟ್ರೆ ಲೆಕ್ಕವೂ ಕೆಡುತ್ತೆ. ರಾತ್ರಿ ಅಮೆರಿಕದ ಕಾಲ್‌ಗಳಲ್ಲಿ ಕೂರೋರು ಇದನ್ನ ಬಿಟ್ಟುಬಿಡಿ ಅಂತೀನಿ.

ಮೆಡಿಕಲ್ ಸ್ಟೋರ್‌ನಲ್ಲಿ ‘ಓವ್ಯುಲೇಶನ್ ಕಿಟ್’ ಅಂತ ಬಿಡಿಸಿ ಕೇಳಿ, ಬರೀ ‘ಕಿಟ್’ ಅಂದ್ರೆ ಪ್ರೆಗ್ನೆನ್ಸಿ ಕಿಟ್ ಕೊಟ್ಟುಬಿಡ್ತಾರೆ. ಇದರಲ್ಲಿ ಮಸುಕು ಗೆರೆ ಲೆಕ್ಕಕ್ಕಿಲ್ಲ. ‘ಟಿ’ ಗೆರೆ ‘ಸಿ’ಯಷ್ಟೇ ಗಾಢವಾದ್ರೆ 24ರಿಂದ 36 ಗಂಟೆಯೊಳಗೆ ಅಂಡಾಣು ಬಿಡುಗಡೆ ಆಗೋ ಸಾಧ್ಯತೆ. ಪಿಸಿಓಎಸ್ ಇದ್ದವರಿಗೆ ಮಾತ್ರ ಸುಮ್ಮಸುಮ್ಮನೆ ಗಾಢ ಗೆರೆ ತೋರಿಸಬಹುದು.

ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ರೆ, 35 ದಾಟಿದ್ರೆ ಆರೇ ತಿಂಗಳಿಗೆ, ಮುಟ್ಟು ಏರುಪೇರಿದ್ರೆ ಇನ್ನೂ ಬೇಗ ಡಾಕ್ಟರನ್ನ ನೋಡಿ. ನಮ್ಮ ಮನೆಗಳಲ್ಲಿ ಸೊಸೆಯೊಬ್ಬಳನ್ನೇ ಕರ್ಕೊಂಡು ಹೋಗ್ತಾರೆ. ಗಂಡನ ವೀರ್ಯ ಪರೀಕ್ಷೆಯೂ ಆಗಲೇ ಆಗಲಿ, ಅದಕ್ಕೆ ಸೂಜಿ ಕೂಡ ಚುಚ್ಚಲ್ಲ.