ಜಲ್ಲಿಯ ದಾರಿ ಬೇಕೇ, ಬೆಟ್ಟದ ಜಲ್ಲಿ ಬೇಕೇ?

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಬಂಡಿದಾರಿಗಳಲ್ಲಿ ಇಂದು ಹೊಸ ಬಗೆಯ ಯಾತ್ರಿಕರು ಕಾಣಿಸಿಕೊಳ್ಳುತ್ತಿದ್ದಾರೆ. ಬೆಂಗಳೂರು, ಮೈಸೂರುಗಳಿಂದ ಬರುವ ಈ ಸವಾರರ ಸೈಕಲ್ಲಿಗೆ ಬಾಗಿದ ಹಿಡಿಕೆ, ಅಗಲವಾದ ಚಕ್ರ, ಕಡಿಮೆ ಗಾಳಿ. ಅವರು ಡಾಂಬರನ್ನು ಬಿಟ್ಟು ಗರಸುಮಣ್ಣಿನ ದಾರಿಯನ್ನು ಹುಡುಕುತ್ತಾರೆ. ಕರಿಘಟ್ಟದ ಬುಡ, ಕುಂತಿಬೆಟ್ಟದ ಜೋಡಿ ಬಂಡೆ, ತೊಣ್ಣೂರು ಕೆರೆಯ ಏರಿ, ಮೇಲುಕೋಟೆಯ ತಪ್ಪಲು, ಕಿಕ್ಕೇರಿ, ಕಂಬದಹಳ್ಳಿ ಇವೆಲ್ಲ ಅವರ ಹಾದಿಯಲ್ಲಿ ಬರುವ ಹೆಸರುಗಳು. ಈ ಕ್ರೀಡೆಗೆ ಗ್ರಾವೆಲ್ ಸೈಕ್ಲಿಂಗ್ ಎಂದು ಹೆಸರು. ಅಲೆಯಲೆಯಾದ ಗುಡ್ಡ, ಕಾಡು, ಸದ್ದಿಲ್ಲದ ಹಳ್ಳಿ ಎಂಬ ಮೂರು ಮಾತುಗಳಲ್ಲಿ ಇದರ ಆಕರ್ಷಣೆಯನ್ನು ವರ್ಣಿಸಲಾಗುತ್ತದೆ.

ಬಯಲುಸೀಮೆಯ ಈ ಸಂಗತಿಗೂ ನಮ್ಮ ಗಿರಿಪ್ರದೇಶಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ. ಒಂದು ನೆಲದ ಚೆಲುವು ಮಾರಾಟದ ಸರಕಾಗುವ ಮೊದಲ ಕ್ಷಣದಲ್ಲಿ ಆ ನೆಲದ ಜನ ಎಚ್ಚೆತ್ತುಕೊಳ್ಳದಿದ್ದರೆ ಏನಾಗುತ್ತದೆಂಬುದನ್ನು ಮಲೆನಾಡು ಚೆನ್ನಾಗಿ ಬಲ್ಲದು. ಮೊದಲು ಚಾರಣಿಗರು ಬಂದರು, ಅವರ ಹಿಂದೆ ಜೀಪು, ಜೀಪಿನ ಹಿಂದೆ ರೆಸಾರ್ಟು, ರೆಸಾರ್ಟಿನ ಹಿಂದೆ ರಸ್ತೆ ಅಗಲೀಕರಣ. ಆ ನಾಲ್ಕು ತಾಲ್ಲೂಕುಗಳು ಇನ್ನೂ ಮೊದಲ ಮೆಟ್ಟಿಲಿನಲ್ಲಿವೆ. ಆದ್ದರಿಂದಲೇ ಈ ಮಾತನ್ನು ಈಗಲೇ ಆಡಬೇಕಾಗಿದೆ.

ಸೈಕಲ್ಲು ಶತ್ರುವಲ್ಲ

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ಈ ಲೇಖನ ಸೈಕಲ್ಲಿನ ವಿರುದ್ಧವಲ್ಲ. ಮಣ್ಣಿನ ದಾರಿಯ ಮೇಲೆ ಚಲಿಸುವ ವಾಹನಗಳಲ್ಲಿ ಸೈಕಲ್ಲಿನಷ್ಟು ಸೌಮ್ಯವಾದುದು ಬೇರೊಂದಿಲ್ಲ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಎಂಜಿನಿಯರುಗಳು ಒಂದು ಸ್ಥೂಲ ಸೂತ್ರವನ್ನು ಪಡೆದರು: ರಸ್ತೆಗಾಗುವ ಹಾನಿಯು ಅಚ್ಚಿನ ಮೇಲಿನ ಭಾರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ಸವಾರನೂ ಸೈಕಲ್ಲೂ ಸೇರಿ 100 ಕಿಲೋ ಎಂದರೆ ಒಂದು ಅಚ್ಚಿಗೆ 50 ಕಿಲೋ. 2000 ಕಿಲೋ ತೂಗುವ ಜೀಪಿನಲ್ಲಿ ಒಂದು ಅಚ್ಚಿಗೆ 1000 ಕಿಲೋ. ಭಾರ 20 ಪಟ್ಟು, ಹಾನಿ 1,60,000 ಪಟ್ಟು. ಈ ಸೂತ್ರ ಕಟ್ಟಿದ ರಸ್ತೆಗಾಗಿ ರೂಪುಗೊಂಡದ್ದು. ಬಂಡಿದಾರಿಗೆ ಯಥಾವತ್ತಾಗಿ ಅನ್ವಯಿಸದು. ಆದರೂ ಹಾನಿ ಯಾವ ದಿಕ್ಕಿನಿಂದ ಬರುತ್ತದೆಂಬುದನ್ನು ಅದು ಸಂಶಯಕ್ಕೆಡೆಯಿಲ್ಲದಂತೆ ತೋರಿಸುತ್ತದೆ.

ಇಂತಹ ಸೈಕಲ್ಲಿಗೆ ನಮ್ಮ ನಾಡು ಕೊಟ್ಟ ಸ್ಥಾನವೆಂಥದು? ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಿಂದ 2023ರ ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ವಾಹನಗಳನ್ನೂ ಟ್ರ್ಯಾಕ್ಟರನ್ನೂ ಎಂಜಿನ್ ಇಲ್ಲದ ಎಲ್ಲ ವಾಹನಗಳನ್ನೂ ಹೊರಹಾಕಲಾಯಿತು. ವೇಗದ ರಸ್ತೆಯಲ್ಲಿ ಸುರಕ್ಷತೆಯ ಕಾರಣವನ್ನು ಒಪ್ಪೋಣ. ಆದರೆ ಮಂಡ್ಯದ ರೈತನ ಟ್ರ್ಯಾಕ್ಟರೂ ಮಗುವಿನ ಸೈಕಲ್ಲೂ ಆತನ ನೆಲದ ಮೇಲೆಯೇ ಹಾಯುವ ರಸ್ತೆಯಿಂದ ಒಟ್ಟಿಗೇ ಪಕ್ಕಕ್ಕೆ ಸರಿಸಲ್ಪಟ್ಟವೆಂಬುದು ಮರೆಯಬಾರದ ಮಾತು. ಇನ್ನೊಂದೆಡೆ, ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ನೀಡುವ ಯೋಜನೆಯನ್ನು ರಾಜ್ಯ ಸರ್ಕಾರ 2006–07ರಲ್ಲಿ ಆರಂಭಿಸಿತ್ತು. ಹಳ್ಳಿಯ ಹೆಣ್ಣುಮಕ್ಕಳನ್ನು ಪ್ರೌಢಶಾಲೆಗೆ ತಲುಪಿಸಿದ ಆ ಯೋಜನೆಯ ವಿತರಣೆ ಕೋವಿಡ್ ವರ್ಷಗಳಲ್ಲಿ ನಿಂತುಹೋಯಿತು. ಲಕ್ಷ ರೂಪಾಯಿ ದಾಟುವ ಸೈಕಲ್ಲು ಹಳ್ಳಿಯ ದಾರಿಯಲ್ಲಿ ವಿಹಾರಕ್ಕೆ ಬರುವ ಕಾಲದಲ್ಲಿ ಹಳ್ಳಿಯ ಹುಡುಗಿಗೆ ಶಾಲೆಗೆ ಹೋಗಲು ಸೈಕಲ್ಲಿಲ್ಲವೆಂದರೆ, ನಾವು ಯಾವುದನ್ನು ಪ್ರಗತಿಯೆಂದು ಕರೆಯುತ್ತಿದ್ದೇವೆ?

ಜಲ್ಲಿ ಎಲ್ಲಿಂದ ಬರುತ್ತದೆ?

ಈ ಸೀಮೆಯ ಬೆಟ್ಟಗಳ ಶಿಲೆ ಸುಮಾರು 300 ಕೋಟಿ ವರ್ಷ ಹಳೆಯದು. ಆ ಶಿಲೆ ಕಾಲಕಾಲಕ್ಕೆ ಸವೆದು ಗರಸಾಗಿ, ಗರಸು ಕೆಂಪುಮಣ್ಣಾಗಿ, ಆ ಮಣ್ಣಿನಲ್ಲಿ ರಾಗಿ, ಹುರುಳಿ, ಹುಚ್ಚೆಳ್ಳು ಬೆಳೆಯುತ್ತವೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಇಲ್ಲಿ ನೀರು ಬೇಗ ಬಸಿದುಹೋಗುವುದರಿಂದಲೇ ಮಣ್ಣಿನ ದಾರಿ ಸವಾರಿಗೆ ಹದವಾಗಿರುತ್ತದೆ. ಸವಾರನು ಮೆಚ್ಚುವ ಜಲ್ಲಿಯನ್ನು ಪ್ರಕೃತಿಯೇ ತಯಾರಿಸಿದೆ.

ಆದರೆ ಜಲ್ಲಿಯನ್ನು ತಯಾರಿಸುವ ಇನ್ನೊಂದು ಮಾರ್ಗವೂ ಅಲ್ಲೇ ಇದೆ; ಅದು ಬೆಟ್ಟಕ್ಕೆ ಸಿಡಿಮದ್ದಿಟ್ಟು ಕ್ರಷರಿಗೆ ಹಾಕುವುದು. ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದ ಗಣಿಗಾರಿಕೆಯ ವಿವಾದ ನಾಡಿಗೇ ತಿಳಿದಿದೆ. ಸಿಡಿತದ ಸದ್ದು ಕನ್ನಂಬಾಡಿ ಅಣೆಕಟ್ಟೆಯವರೆಗೆ ಆತಂಕವನ್ನು ಮುಟ್ಟಿಸಿತು. 2024ರ ಜನವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ, ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ, ಗಣಿಗಾರಿಕೆಯನ್ನು ತಡೆದು ಆದೇಶಿಸಿತು. ಅಣೆಕಟ್ಟೆಗೆ ಕುತ್ತು ಬಂದಾಗಷ್ಟೇ ಬೆಟ್ಟಕ್ಕೆ ಬೆಲೆ ಬಂದಿತು. ಅಣೆಕಟ್ಟೆಯಿಂದ ದೂರವಿರುವ ಬೆಟ್ಟಗಳ ಗತಿಯೇನು?

ಬೆಟ್ಟವನ್ನು ಬಳಸಿ ಹೋಗುವ ದಾರಿಯೂ ಬೆಟ್ಟವನ್ನೇ ಪುಡಿಮಾಡುವ ಕ್ರಷರೂ ಒಟ್ಟಿಗೆ ಬಾಳಲಾರವು. ಸೈಕಲ್ ಸವಾರರ ಗುಂಪುಗಳು ಇಲ್ಲಿ ಸೂರ್ಯೋದಯದ ಚಿತ್ರ ತೆಗೆದುಕೊಂಡು ಹಿಂದಿರುಗಿದರೆ ಸಾಲದು. ಗಣಿಯ ಪ್ರಶ್ನೆಯಲ್ಲಿ ಊರಿನವರ ಪಕ್ಕದಲ್ಲಿ ನಿಲ್ಲಬೇಕು. ಇದು ಅಸಾಧ್ಯವಲ್ಲ. ಇಟಲಿಯ ಟಸ್ಕನಿ ಪ್ರಾಂತದಲ್ಲಿ ಬಿಳಿ ಜಲ್ಲಿಯ ಹಳೆಯ ಹಳ್ಳಿದಾರಿಗಳಿಗೆಲ್ಲ ಡಾಂಬರು ಬೀಳುತ್ತಿದ್ದ ಕಾಲದಲ್ಲಿ, 1997ರಲ್ಲಿ, ಗಾಯೋಲೆ ಎಂಬ ಊರಿನಿಂದ ಲೆರೋಯಿಕಾ ಎಂಬ ಹಳೆಯ ಸೈಕಲ್ಲುಗಳ ಯಾತ್ರೆ ಹೊರಟಿತು. ಆ ದಾರಿಗಳನ್ನು ಉಳಿಸುವುದೇ ಅದರ ಉದ್ದೇಶಗಳಲ್ಲೊಂದು. ಕೆಟ್ಟ ರಸ್ತೆಯೆನಿಸಿಕೊಂಡದ್ದು ಅಲ್ಲಿ ಪರಂಪರೆಯೆನಿಸಿಕೊಂಡಿತು. 2022ರಲ್ಲಿ ಈ ಕ್ರೀಡೆಯ ಮೊದಲ ವಿಶ್ವ ಚಾಂಪಿಯನ್‌ಶಿಪ್ ಅದೇ ದೇಶದ ವೆನೆತೊ ಪ್ರಾಂತದಲ್ಲಿ ನಡೆಯಿತು.

ಡಾಂಬರು ಬೇಡವೇ?

ಇಲ್ಲಿ ಹಳ್ಳಿಯವರದೊಂದು ನ್ಯಾಯವಾದ ಆಕ್ಷೇಪವಿದೆ. ‘ಪಟ್ಟಣದವರ ವಿನೋದಕ್ಕಾಗಿ ನಾವು ಧೂಳು ಕುಡಿಯಬೇಕೇ? ಹೆರಿಗೆಯ ಹೆಂಗಸನ್ನು ಬಂಡಿದಾರಿಯಲ್ಲಿ ಸಾಗಿಸಬೇಕೇ?’ ಖಂಡಿತ ಬೇಡ. ಊರಿನಿಂದ ಊರಿಗೆ, ಊರಿನಿಂದ ಆಸ್ಪತ್ರೆಗೆ, ಹಾಲಿನ ಡೇರಿಗೆ, ಶಾಲೆಗೆ ಸರ್ವಋತು ರಸ್ತೆ ಬೇಕು. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಆಶಯವೂ ಅದೇ. ಈ ಹಕ್ಕಿಗೆ ಅಡ್ಡ ಬರುವ ಸೌಂದರ್ಯಪ್ರಜ್ಞೆ ಯಾರಿಗೂ ಬೇಡ.

ಪ್ರಶ್ನೆಯಿರುವುದು ಬೇರೆಡೆ. ಹೊಲಕ್ಕೆ ಹೋಗುವ ದಾರಿ, ಕೆರೆಯ ಏರಿ, ಗೋಮಾಳದ ಅಂಚು, ಬೆಟ್ಟದ ತಪ್ಪಲುಗಳಿಗೂ ಕಾಂಕ್ರೀಟ್ ಸುರಿಯುವುದು ಯಾರ ಅಗತ್ಯ? ಇಳಿಜಾರಿಗೆ ಅಡ್ಡಲಾಗಿ ಎತ್ತರಿಸಿ ಕಟ್ಟಿದ ರಸ್ತೆ ಕೆರೆಗೆ ಹರಿಯಬೇಕಾದ ನೀರನ್ನು ತಡೆಯುತ್ತದೆ. ಇಳಿಜಾರಿನ ಉದ್ದಕ್ಕೆ ಹಾಕಿದ ಕಾಂಕ್ರೀಟು ನೀರಿನ ವೇಗವನ್ನು ಹೆಚ್ಚಿಸಿ ಕೊನೆಯಲ್ಲಿ ಕೊರಕಲನ್ನು ಕೊರೆಯುತ್ತದೆ. ಕೆರೆ ಒಣಗುವುದಕ್ಕೂ ಹೂಳು ತುಂಬುವುದಕ್ಕೂ ಮಳೆಯನ್ನು ಮಾತ್ರ ದೂರುವವರು ಒಮ್ಮೆ ಪೋಷಕ ಕಾಲುವೆಗಳ ಜಾಡು ಹಿಡಿದು ನಡೆಯಲಿ. ಅಲ್ಲಲ್ಲಿ ಒಂದು ಮೋರಿ, ನೀರನ್ನು ಪಕ್ಕಕ್ಕೆ ತಿರುಗಿಸುವ ಓರೆಯಾದ ಕಲ್ಲಿನ ಸಾಲು, ವರ್ಷಕ್ಕೊಮ್ಮೆ ಗರಸು: ಬಂಡಿದಾರಿಗೆ ಇಷ್ಟು ಸಾಕು. ಈ ಕೆಲಸ ಊರಿನವರಿಗೇ ಕೂಲಿಯಾಗುತ್ತದೆ. ಗುತ್ತಿಗೆದಾರನಿಗೆ ಲಾಭವಿಲ್ಲದಿರುವುದೇ ಇದರ ಏಕೈಕ ದೋಷ!

ಸವಾರರಿಗೂ ಎರಡು ಮಾತು

ಅವರು ಕಾಡೆಂದು ಕರೆಯುವ ಪ್ರದೇಶದಲ್ಲಿ ಮೇಲುಕೋಟೆಯ ಅಭಯಾರಣ್ಯವಿದೆ. 1974ರಲ್ಲಿ ಘೋಷಿತವಾದ, ಸುಮಾರು 50 ಚದರ ಕಿಲೋಮೀಟರಿನ ಈ ಕುರುಚಲು ಕಾಡು ಮುಖ್ಯವಾಗಿ ತೋಳದ ರಕ್ಷಣೆಗೆಂದು ಮೀಸಲಾದದ್ದು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ನವಿಲುಧಾಮ ಒಂದು ಚದರ ಕಿಲೋಮೀಟರಿಗಿಂತಲೂ ಚಿಕ್ಕದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 27ನೆಯ ಕಲಮು ಅಭಯಾರಣ್ಯದ ಪ್ರವೇಶವನ್ನು ನಿರ್ಬಂಧಿಸುತ್ತದೆ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವುದು ಬೇರೆ, ಕಾಲುದಾರಿಯಲ್ಲಿ ನುಗ್ಗುವುದು ಬೇರೆ. ಸೈಕಲ್ಲಿಗೆ ಸದ್ದಿಲ್ಲವೆಂಬುದು ಇಲ್ಲಿ ಗುಣವೂ ಅಲ್ಲ. ಸದ್ದಿಲ್ಲದೆ, ವೇಗವಾಗಿ ಎದುರಾಗುವ ಮನುಷ್ಯನಿಂದ ಪ್ರಾಣಿ ಹೆಚ್ಚು ಬೆದರುತ್ತದೆ. ಸವಾರಿಗೆ ಹಿತವಾದ ಚಳಿಗಾಲವೇ ತೋಳ ಮರಿಗಳನ್ನು ಸಾಕುವ ಕಾಲವೂ ಹೌದು.

ಇನ್ನು ‘ಸದ್ದಿಲ್ಲದ ಹಳ್ಳಿ’ ಎಂಬ ಮಾತು. ಹಳ್ಳಿ ಏಕೆ ಸದ್ದಿಲ್ಲದೆ ಇದೆಯೆಂದು ಯಾರಾದರೂ ಕೇಳಿದ್ದಾರೆಯೇ? ಮಳೆಯನ್ನೇ ನಂಬಿದ ಹೊಲಗಳ ಯುವಕರು ಬೆಂಗಳೂರಿನಲ್ಲಿ ದುಡಿಯುತ್ತಿದ್ದಾರೆ; ಜಗಲಿಯಲ್ಲಿ ಮುದುಕರು ಉಳಿದಿದ್ದಾರೆ. ಅವರ ಮೌನ ಪ್ರವಾಸಿಗರಿಗಾಗಿ ಏರ್ಪಡಿಸಿದ ಸೌಲಭ್ಯವಲ್ಲ. ನೀರು, ಊಟ, ಬಾಳೆಹಣ್ಣನ್ನೆಲ್ಲ ಪಟ್ಟಣದಿಂದ ಕಾರಿನಲ್ಲಿ ತಂದು, ಖಾಲಿ ಪೊಟ್ಟಣವನ್ನು ಮಾತ್ರ ಇಲ್ಲಿ ಬಿಟ್ಟುಹೋಗುವ ಸವಾರಿಗಿಂತ ಸವಾರಿಯಿಲ್ಲದಿರುವುದೇ ಲೇಸು.

ಆಗಬೇಕಾದದ್ದು

1. ಗ್ರಾಮ ಪಂಚಾಯಿತಿಗಳು ತಮ್ಮ ಎಲ್ಲೆಯ ನಕಾಶೆ ಕಂಡ ದಾರಿಗಳನ್ನು ಗುರುತಿಸಿ, ಒತ್ತುವರಿ ತೆರವುಗೊಳಿಸಿ, ಸೈಕಲ್ ಮಾರ್ಗ ಯಾವುದಿರಬೇಕೆಂಬುದನ್ನು ಗ್ರಾಮಸಭೆಯಲ್ಲಿ ತೀರ್ಮಾನಿಸಲಿ. ಮಾರ್ಗವನ್ನು ಊರು ಕೊಡಬೇಕು, ಸವಾರರ ಸಂಘವಲ್ಲ.

2. ಹೊಲದ ದಾರಿ, ಕೆರೆಯೇರಿ, ತಪ್ಪಲುಗಳಲ್ಲಿ ವಿಹಾರದ ಮೋಟಾರು ವಾಹನಗಳಿಗೆ ಆರಂಭದಲ್ಲಿಯೇ ನಿಷೇಧವಿರಲಿ. ಒಮ್ಮೆ ಒಳಬಂದ ಜೀಪನ್ನು ಹೊರಹಾಕಲಾರದ ಕಷ್ಟವನ್ನು ಮಲೆನಾಡಿನವರನ್ನು ಕೇಳಿರಿ.

3. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದ ಯಾವ ಮಾರ್ಗವೂ ಬೇಡ. ರಾತ್ರಿಯ ಸವಾರಿ ಎಲ್ಲಿಯೂ ಬೇಡ.

4. ಸವಾರರು ಕಾರಿನ ಬದಲು ರೈಲಿನಲ್ಲಿ ಬರಲಿ. ಶ್ರೀರಂಗಪಟ್ಟಣ, ಪಾಂಡವಪುರ, ಅಕ್ಕಿಹೆಬ್ಬಾಳು, ಬಿ.ಜಿ. ನಗರ ಹೀಗೆ ನಾಲ್ಕು ತಾಲ್ಲೂಕುಗಳಿಗೂ ನಿಲ್ದಾಣವಿದೆ. ರೈಲಿನಲ್ಲಿ ಸೈಕಲ್ಲಿಗೆ ಸ್ಥಳ ಕೇಳುವುದು ಹಾಲಿನವರ, ಕೂಲಿಕಾರರ ಬೇಡಿಕೆಯೂ ಆಗಬಲ್ಲದು.

5. ಊಟ, ತಂಗುವಿಕೆಗಳು ಊರಿನ ಸ್ತ್ರೀಶಕ್ತಿ ಸಂಘಗಳ ಕೈಯಲ್ಲಿರಲಿ.

6. ಶಾಲಾಮಕ್ಕಳ ಸೈಕಲ್ ವಿತರಣೆ ಎಲ್ಲೆಡೆ ಮತ್ತೆ ನಡೆಯಲಿ. ಈ ಬೇಡಿಕೆಗೆ ಪಟ್ಟಣದ ಸವಾರರೇ ಮೊದಲು ಸಹಿ ಹಾಕಲಿ.

ಗಿರಿಪ್ರದೇಶದ ಮಿತ್ರರೇ, ಮಣ್ಣಿನ ದಾರಿ ಹಿಂದುಳಿದಿರುವಿಕೆಯ ಕುರುಹಲ್ಲ. ಅದು ದನಕರುಗಳ, ಮಳೆನೀರಿನ, ಶಾಲೆಯ ಮಕ್ಕಳ ಸಮಾನ ಆಸ್ತಿ. ಅದನ್ನು ಗುತ್ತಿಗೆದಾರನಿಗೆ ಬಿಟ್ಟುಕೊಟ್ಟ ಊರು ನಾಳೆ ಗೋಮಾಳವನ್ನು ಕಳೆದುಕೊಳ್ಳುತ್ತದೆ, ನಾಡಿದ್ದು ಬೆಟ್ಟವನ್ನು. ನಿಮ್ಮ ನಿಮ್ಮ ಊರಿನ ಗ್ರಾಮನಕ್ಷೆಯ ಪ್ರತಿಯನ್ನು ಈ ತಿಂಗಳೇ ತೆಗೆಸಿಕೊಳ್ಳಿರಿ. ಅದರಲ್ಲಿ ಕಾಣುವ ದಾರಿಗಳಲ್ಲಿ ಒಮ್ಮೆ ನಡೆದು, ಎಷ್ಟು ಉಳಿದಿವೆಯೆಂದು ಎಣಿಸಿರಿ. ಹೋರಾಟ ಅಲ್ಲಿಂದ ಆರಂಭವಾಗಲಿ.