ಔಷಧದಂಗಡಿ ಯಾರದು?

ಊರು ಬಿಟ್ಟು ಪುಣೆಗೆ ಬಂದು ನೆಲೆಸಿದ ನಮ್ಮ ಕುಟುಂಬಗಳಿಗೆ ಕಿರಾಣಿಯವನ ನಂತರ ಮೊದಲು ಪರಿಚಯವಾಗುತ್ತಿದ್ದವನು ಓಣಿಯ ಔಷಧದಂಗಡಿಯವನು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಅಜ್ಜಿಯ ಕೆಮ್ಮನ್ನು ಅವನಿಗೆ ತಿಳಿಸಿದರೆ ಸಾಕಾಗುತ್ತಿತ್ತು. ತಿಂಗಳ ಕೊನೆಗೆ ಉದ್ರಿಯೂ ನಡೆಯುತ್ತಿತ್ತು. ಈಗ ಅದೇ ಓಣಿಗಳಲ್ಲಿ ದೊಡ್ಡ ಕಂಪನಿಗಳ ಫಲಕಗಳು ಏಳುತ್ತಿವೆ. ಗುಳಿಗೆಗಳು ಫೋನಿನ ಮೇಲೆ ಮನೆಗೆ ಬರುತ್ತಿವೆ. 2020ರಲ್ಲಿ ರಿಲಯನ್ಸ್‌ನವರು ನೆಟ್‌ಮೆಡ್ಸ್‌ನ ಬಹುಪಾಲನ್ನು ಕೊಂಡರು. ಮರುವರ್ಷ ಟಾಟಾದವರು ಒನ್‌ಎಂಜಿಯ ಬಹುಪಾಲನ್ನು ಕೈಗೆ ತೆಗೆದುಕೊಂಡರು.

ಕಾಯದೆಯ ಅಡ್ಡಿ ಇದಕ್ಕಿಲ್ಲ. ಡಾಕ್ಟರರ ಚೀಟಿಯಂತೆ ಔಷಧ ಕೊಡುವವನು ನೋಂದಾಯಿತ ಫಾರ್ಮಸಿಸ್ಟನಿರಬೇಕೆಂದು 1948ರ ಫಾರ್ಮಸಿ ಕಾಯದೆ ಹೇಳುತ್ತದೆ. ಅಂಗಡಿಯ ಒಡೆಯನೂ ಅವನೇ ಇರಬೇಕೆಂದು ಹೇಳುವುದಿಲ್ಲ. ಜರ್ಮನಿಯಲ್ಲಿ ಒಡೆಯನೂ ಫಾರ್ಮಸಿಸ್ಟನೇ ಆಗಿರಬೇಕು. ಯುರೋಪಿನ ನ್ಯಾಯಾಲಯ 2009ರಲ್ಲಿ ಆ ಕಟ್ಟಳೆಯನ್ನು ಎತ್ತಿಹಿಡಿಯಿತು.

ಹಾಗೆಂದು ಹಳೆಯ ಅಂಗಡಿಕಾರನನ್ನು ದೇವರ ಪೀಠದಲ್ಲಿ ಕೂಡ್ರಿಸಬೇಕಾಗಿಲ್ಲ. ಗೋಡೆಯ ಮೇಲೆ ಒಬ್ಬನ ಸರ್ಟಿಫಿಕೇಟು, ಗಲ್ಲೆಯ ಮೇಲೆ ಇನ್ನೊಬ್ಬ — ಈ ಚಮತ್ಕಾರ ಎಲ್ಲರೂ ಕಂಡದ್ದೇ! ಹೊಸ ಅಂಗಡಿಗಳಲ್ಲಿ ಬಿಲ್ಲು ತಪ್ಪದೆ ಸಿಗುತ್ತದೆ, ರಿಯಾಯಿತಿಯೂ ಸಿಗುತ್ತದೆ. ಪಿಂಚಣಿಯ ಮೇಲೆ ಬದುಕುವವರಿಗೆ ಅದು ಸಣ್ಣ ಮಾತಲ್ಲ.

ನಮ್ಮ ಚಿಂತೆ ಬೇರೆ. ಬೆಲೆ ನಿಯಂತ್ರಣದಲ್ಲಿರುವ ಔಷಧಗಳ ಮೇಲೆ ಚಿಲ್ಲರೆ ಅಂಗಡಿಗೆ 2013ರ ಆಜ್ಞೆ ಗೊತ್ತುಪಡಿಸಿದ ಲಾಭ ನೂರಕ್ಕೆ 16. ದೊಡ್ಡವರು ನೂರಕ್ಕೆ 20 ಬಿಡುತ್ತೇವೆಂದು ಸಾರಿದರೆ ಒಂಟಿ ಅಂಗಡಿಕಾರ ಎಲ್ಲಿಂದ ತಂದು ಬಿಟ್ಟಾನು? ಅವನು ಬಾಗಿಲು ಹಾಕಿದ ಮೇಲೆ, ರಾತ್ರಿ ಹನ್ನೊಂದಕ್ಕೆ ಕೂಸಿನ ಮೈ ಸುಡುವಾಗ, ನಾಳೆ ಬರುವ ಪೊಟ್ಟಣದಿಂದ ಆಗುವುದೇನು?

ಇದನ್ನೆಲ್ಲ ಸರಕಾರ ಮೊದಲೇ ತೂಗಿ ನೋಡಬೇಕಿತ್ತು. ಆನ್‌ಲೈನ್ ಮಾರಾಟಕ್ಕೆ 2018ರ ಆಗಸ್ಟಿನಲ್ಲಿ ಕರಡು ನಿಯಮಗಳು ಹೊರಟವು. ಸೆಪ್ಟೆಂಬರ 28ರಂದು ಔಷಧ ವ್ಯಾಪಾರಿಗಳು ದೇಶವ್ಯಾಪಿ ಬಂದ್ ಮಾಡಿದರು. ಕರಡು ವರ್ಷಗಟ್ಟಲೆ ಕರಡಾಗಿಯೇ ಉಳಿಯಿತು. ಅಷ್ಟರಲ್ಲಿ ಕೊರೋನಾ ಬಂದಿತು. 2020ರ ಮಾರ್ಚಿನಲ್ಲಿ ಅಂಗಡಿಗಳು ಮನೆಬಾಗಿಲಿಗೆ ಔಷಧ ಮುಟ್ಟಿಸಲು ಅನುಮತಿ ದೊರೆಯಿತು. ವ್ಯಾಪಾರ ಕುದುರೆಯೇರಿ ಹೋಗಿದೆ, ನೀತಿ ಲಗಾಮು ಹುಡುಕುತ್ತಿದೆ.

ಸಂಘದ ಬಂಧುಗಳು ಇಷ್ಟನ್ನಾದರೂ ಮಾಡಬಹುದು. ಅಂಗಡಿ ಯಾರದೇ ಇರಲಿ, ಫಾರ್ಮಸಿಸ್ಟರು ಯಾರೆಂದು ಕೇಳಿರಿ. ಇಲ್ಲವೆಂದರೆ ಚೀಟಿ ಮರಳಿ ಪಡೆದು ಮುಂದಿನ ಅಂಗಡಿಗೆ ನಡೆಯಿರಿ. ಮಕ್ಕಳು ಪರದೇಶದಲ್ಲಿದ್ದು ಒಂಟಿಯಾಗಿರುವ ಹಿರಿಯರ ಮನೆಗೆ ಪೊಟ್ಟಣ ಬಂದಾಗ, ನೆರೆಯ ತರುಣರು ಹೋಗಿ ಗುಳಿಗೆಯ ಹೆಸರನ್ನೂ ಮುಗಿಯುವ ತಾರೀಖನ್ನೂ ಚೀಟಿಗೆ ತಾಳೆನೋಡಿ ಓದಿ ಹೇಳಲಿ.